ವರ್ನಿಯರ್ ಸಾರ್ ಬರೆದ ಚೀಟಿಗಳು

ಗಾಜಿನ ಬಾಗಿಲು ದಾಟಿದ ಕೂಡಲೇ ಎಡಗಡೆ ಒಂದು ಮರದ ಕುದುರೆ ಇತ್ತು. ಅದರ ಕೆಳಗಿನ ಚೀಟಿಯಲ್ಲಿ ಹೀಗೆ ಬರೆದಿತ್ತು:

"ಕುದುರೆ. ತೇಗ. ಎತ್ತರ 1142 ಮಿಲಿಮೀಟರ್, ಕಿವಿ ಸೇರಿಸಿ. ಮೂಲ: ಹೆಬ್ಬಗೋಡಿ, ಬಸ್ ನಿಲ್ದಾಣದ ಹಿಂದಿನ ಬಡಗಿ ಅಂಗಡಿ. ವಯಸ್ಸು: ಒಂಬತ್ತು ವರ್ಷ. ಪ್ರಭಾವ: ಬಡಗಿಯ ಮಾವನ ಹಲ್ಲುಸೆಟ್ಟು."

ಇದನ್ನು ಬರೆದವರು ಹೋದ ತಿಂಗಳು ತೀರಿಕೊಂಡರು. ಅವರ ಬಗ್ಗೆ ಕಂಡಷ್ಟನ್ನು, ಕಂಡ ಹಾಗೆ ಬರೆಯಬೇಕೆಂದು ಕೂತಿದ್ದೇನೆ. ಮನಸ್ಸು ಇನ್ನೂ ಹತೋಟಿಗೆ ಬಂದಿಲ್ಲ, ಹಾಗಾಗಿ ನಿಧಾನವಾಗಿ ಬರೆಯುತ್ತೇನೆ. ಕೇಳಿದ್ದನ್ನು ಕೇಳಿದ್ದು ಎಂದೇ ಹೇಳುತ್ತೇನೆ. ಕೇಳಿದ್ದನ್ನು ಕಂಡಂತೆ ಹೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ನಮ್ಮ ಕಂಪನಿಯ ನೆಲಮಹಡಿಯಲ್ಲಿ ಒಂದು ಸಣ್ಣ ಮ್ಯೂಸಿಯಂ ಇದೆ. ಹೊರದೇಶದ ಗ್ರಾಹಕರನ್ನು ಮೀಟಿಂಗ್ ರೂಮಿನಿಂದ ಊಟದ ಹಾಲ್‌ಗೆ ಕರೆದೊಯ್ಯುವ ದಾರಿ ಬೋಳಾಗಿ ಕಾಣುತ್ತದೆ ಎಂದು ಯಾರೋ ಅಂದದ್ದರಿಂದ ಅದು ಹುಟ್ಟಿತು. ವಿಗ್ರಹ, ಮುಖವಾಡ, ದೀಪ, ಪೆಟ್ಟಿಗೆ ಎಲ್ಲ ಸೇರಿ ನಲವತ್ತೊಂದು ವಸ್ತುಗಳು. ಒಬ್ಬನೇ ವ್ಯಾಪಾರಿಯಿಂದ, ಒಂದೇ ಲಾರಿಯಲ್ಲಿ ಬಂದವು. ಬಂದ ಮೇಲೆ ವಿಮೆಯವರು ತಕರಾರು ತೆಗೆದರು. ಪ್ರತಿ ವಸ್ತುವಿನ ಮೂಲ ಯಾವುದು, ಕಾಲ ಯಾವುದು, ಯಾವ ಸಂಸ್ಕೃತಿಯ ಪ್ರಭಾವ ಅದರ ಮೇಲಿದೆ ಎಂದು ತಪಾಸಣೆ ಮಾಡಿ, ಸಹಿ ಹಾಕಿದ ಪತ್ರ ಬೇಕು ಎಂದರು. ಕಲಾ ಇತಿಹಾಸ ಓದಿದವರನ್ನು ಕೇಳಿದ್ದಕ್ಕೆ ಎರಡು ವರ್ಷ ಹಿಡಿಯುತ್ತದೆ ಎಂದರಂತೆ. ನಮ್ಮ ಅಡ್ಮಿನ್ ಮುಖ್ಯಸ್ಥರಿಗೆ ಅಷ್ಟು ತಾಳ್ಮೆ ಇರಲಿಲ್ಲ.

"ಇನ್‌ಸ್ಪೆಕ್ಷನ್ ಅಂದ್ರೆ ಇನ್‌ಸ್ಪೆಕ್ಷನ್ ಕಣ್ರೀ. ವಿಗ್ರಹ ಆದ್ರೇನು, ಬೇರಿಂಗ್ ಆದ್ರೇನು?" ಎಂದವರೇ, ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ವಿಮಾನಕ್ಕೆ ಹೋಗುವ ಬಿಡಿಭಾಗಗಳ ತಪಾಸಣೆ ಮಾಡಿ ನಿವೃತ್ತರಾಗಿದ್ದ ಇವರನ್ನು ಕರೆತಂದರು.

ನಾನು ಆ ಕಂಪನಿಯಲ್ಲಿ ಯಂತ್ರಗಳ ಕೈಪಿಡಿ ಬರೆಯುತ್ತೇನೆ. ಇವರ ಚೀಟಿಗಳನ್ನು ಟೈಪ್ ಮಾಡಿ ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಟೈಪ್ ಮಾಡಿದೆ. ತಿದ್ದಿದ್ದು ಕಡಿಮೆ.

ಕುಳ್ಳಗೆ, ತೆಳ್ಳಗೆ ಇದ್ದರು. ತೋಳು ಮಡಚಿದ ಬಿಳಿ ಅಂಗಿ. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ, ಕೂದಲೆಳೆಯ ದಪ್ಪವನ್ನೂ ಅಳೆಯುವ ಸ್ಟೀಲಿನ ವರ್ನಿಯರ್. ಆದ್ದರಿಂದಲೇ ವರ್ನಿಯರ್ ಸಾರ್ ಎಂಬ ಹೆಸರು. ಯಾವುದೇ ವಸ್ತುವನ್ನು ನೋಡುವ ಮೊದಲು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆ ವಾಲಿಸಿ ಕೇಳುತ್ತಿದ್ದರು. ಮೊದಲ ದಿನ ನನ್ನ ಮೇಜನ್ನೂ ತಟ್ಟಿದರು. "ಒಳಗಡೆ ರಟ್ಟು" ಎಂದರು. ನನಗೆ ಅವಮಾನವಾದಂತಾಯಿತು. ಯಾಕೆಂದು ಈಗ ಹೇಳಲಾರೆ.

ಕುದುರೆಯ ವಿಷಯಕ್ಕೆ ಬರುತ್ತೇನೆ. ವ್ಯಾಪಾರಿ ಕೊಟ್ಟ ಕಾಗದದಲ್ಲಿ ಅದು ಮುನ್ನೂರು ವರ್ಷ ಹಳೆಯದು, ದೇವಸ್ಥಾನದ ಉತ್ಸವದ ವಾಹನ ಎಂದಿತ್ತು. ಇವರು ಅದರ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಅರ್ಧ ಗಂಟೆ ಟಾರ್ಚ್ ಬಿಟ್ಟು ನೋಡಿದರು. ಎದ್ದು ಬಂದು, ಒಳಗೆ ಸ್ಟಾರ್ ಸ್ಕ್ರೂ ಇದೆ ಎಂದರು. ಮುಂದಿನ ಹದಿನೈದು ದಿನ ಆ ಸ್ಕ್ರೂ ಹಿಡಿದುಕೊಂಡು ಅಂಗಡಿ ಅಂಗಡಿ ಸುತ್ತಿ ಹೆಬ್ಬಗೋಡಿಯ ಬಡಗಿಯನ್ನು ಹಿಡಿದರು. ನನ್ನನ್ನೂ ಕರೆದುಕೊಂಡು ಹೋದರು, ಸಾಕ್ಷಿಗೆ.

ಬಡಗಿ ಹೆದರಲಿಲ್ಲ. "ನಾನೇ ಮಾಡಿದ್ದು ಸಾರ್. ಹಳೇದು ಅಂತ ನಾನ್ ಹೇಳಿಲ್ಲ. ಅವ್ರು ತಗೊಂಡೋಗಿ ಹೊಗೆ ಹಾಕಿಸಿದ್ರೆ ನಾನೇನ್ ಮಾಡ್ಲಿ?"

"ಅದಿರಲಿ. ಹಲ್ಲು ಯಾಕೆ ಹಾಗಿದೆ?" ಎಂದು ಇವರು ಕೇಳಿದರು.

"ಹೆಂಗಿದೆ?"

"ಕುದುರೆ ಹಲ್ಲು ಹಾಗಿರಲ್ಲ. ಇದು ಮನುಷ್ಯರದು. ಅದೂ ಕಟ್ಟಿಸಿದ್ದು."

ಬಡಗಿ ಕೈಲಿದ್ದ ಉಳಿ ಕೆಳಗಿಟ್ಟ. ಆಮೇಲೆ, ತಾನು ಕುದುರೆಯ ಬಾಯಿಯನ್ನು ಹತ್ತಿರದಿಂದ ನೋಡೇ ಇಲ್ಲವೆಂದೂ, ಕೆತ್ತುವಾಗ ಮಾವ ತನ್ನ ಹಲ್ಲುಸೆಟ್ಟನ್ನು ತೊಳೆದು ಕಿಟಕಿಯಲ್ಲಿ ಒಣಗಲು ಇಟ್ಟಿದ್ದನೆಂದೂ ಒಪ್ಪಿಕೊಂಡ. ಇವರಿಗೆ ಆದ ಸಂತೋಷವನ್ನು ನಾನು ವರ್ಣಿಸಲಾರೆ. ಬಡಗಿಯ ಕೈ ಹಿಡಿದು ಕುಲುಕಿದರು. ಮಾವನನ್ನು ನೋಡಬಹುದೇ ಎಂದು ಕೇಳಿದರು. ನೋಡಿದೆವು. ಮಾವ ಬಾಯಿ ತೆರೆದು ತೋರಿಸಿದ. ಇವರು ವರ್ನಿಯರ್ ತೆಗೆದು ಮುಂದಿನ ಎರಡು ಹಲ್ಲುಗಳ ಅಗಲ ಅಳೆದು ಬರೆದುಕೊಂಡರು.

ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದರು: "ಪ್ರಭಾವ ಅಂದ್ರೆ ದೊಡ್ಡದೇನೂ ಅಲ್ಲಮ್ಮ. ಮಾಡೋನ ಕಣ್ಣೆದುರಿಗೆ ಆ ಹೊತ್ತಲ್ಲಿ ಏನಿತ್ತೋ ಅದು. ರಾಜರ ಕಾಲದಲ್ಲೂ ಅಷ್ಟೇ. ಯಾರದೋ ಕಿಟಕೀಲಿ ಏನೋ ಒಣಗ್ತಾ ಇತ್ತು."

ಹಿತ್ತಾಳೆಯ ಎತ್ತರದ ದೀಪಕ್ಕೂ ಹೀಗೇ ಆಯಿತು. ಅದರ ಬುಡದ ತಿರುಪನ್ನು ಅಳೆದು, ಇದು ಲೇತ್ ಯಂತ್ರದ ಮೇಲೆ ಕೊಯ್ದದ್ದು ಎಂದು ಗೊತ್ತುಮಾಡಿಕೊಂಡು ಪೀಣ್ಯಕ್ಕೆ ಹೋದರು. ಅಲ್ಲಿ ಅವರಿಗೆ ಪರಿಚಯದವರು ಬಹಳ. ಮೂರನೇ ಶೆಡ್ಡಿನಲ್ಲೇ ಮನುಷ್ಯ ಸಿಕ್ಕಿದ. ಬಾಗಲಕೋಟೆ ಕಡೆಯವನು. ದೀಪದ ಕಂಬದ ಮೇಲೆ ಒಂದು ದಪ್ಪ, ಎರಡು ಸಣ್ಣ, ಮತ್ತೆ ಒಂದು ದಪ್ಪ ಎಂದು ಗೆರೆಗಳಿದ್ದವು. ಅದು ಯಾವ ರಾಜವಂಶದ ಶೈಲಿ ಎಂದು ವ್ಯಾಪಾರಿಯ ಕಾಗದ ಎರಡು ಪ್ಯಾರಾ ಬರೆದಿತ್ತು.

"ಡ್ರಾಯಿಂಗ್‌ನ್ಯಾಗ ಬರೇ ಗೆರಿ ಅಂತ ಇತ್ರಿ ಸಾಹೇಬ್ರ, ಎಷ್ಟು, ಹ್ಯಾಂಗ ಅಂತ ಇರಲಿಲ್ಲ" ಎಂದ ಲೇತಿನವನು. "ಮನ್ಯಾಕಿ ಇಳಕಲ್ ಸೀರಿ ದಡಿ ನೆನಪಾತು. ಹಂಗ ಎಳದುಬಿಟ್ಟೆ. ತಪ್ಪಾತೇನ್ರಿ?"

ಇವರು ಅವನ ಬಾಡಿಗೆ ಕೋಣೆಗೆ ಹೋಗಿ, ಅವನ ಹೆಂಡತಿಯನ್ನು ಕೇಳಿ, ಸೀರೆಯ ಅಂಚನ್ನು ಅಳೆದು ಬಂದರು. ಆಕೆ, "ಯವ್ವಾ, ಸೀರಿಗೂ ಇನ್‌ಸ್ಪೆಕ್ಷನ್ ಬಂತಽ?" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳಂತೆ. ಇದು ನಾನು ಕೇಳಿದ್ದು. ಆ ದಿನ ನಾನಿರಲಿಲ್ಲ. ಚೀಟಿ ಮಾತ್ರ ನಾನೇ ಟೈಪ್ ಮಾಡಿದೆ. "ಪ್ರಭಾವ: ಇಳಕಲ್ ಸೀರೆ, ಬಳಸಿದ್ದು."

ಪತ್ತೆಯಾಗದ್ದಕ್ಕೆ "ಗೊತ್ತಿಲ್ಲ" ಎಂದು ಬರೆದರು. ಅಂಥವು ಹನ್ನೊಂದು ಇದ್ದವು. ಬೇರೆ ಏನಾದರೂ ಬರೆಯೋಣ ಎಂದು ನಾನು ಅಂದಾಗ, "ಗೊತ್ತಿಲ್ಲ ಅನ್ನೋ ಜಾಗದಲ್ಲಿ ಇನ್ನೇನನ್ನಾದ್ರೂ ತುಂಬಿದ್ರೆ ನಾಳೆ ವಿಮಾನ ಬೀಳತ್ತೆ" ಎಂದರು. ಇಲ್ಲಿ ವಿಮಾನವಿಲ್ಲ ಎಂದೆ. "ಅದು ನಿಮ್ಮ ಅದೃಷ್ಟ" ಎಂದರು.

ಇನ್ನು ಇಪ್ಪತ್ತೇಳನೆಯ ವಸ್ತು. ಇದನ್ನು ಹೇಳಲು ಇಷ್ಟು ಹೊತ್ತು ತೆಗೆದುಕೊಂಡೆ.

ಅದೊಂದು ವೀರಗಲ್ಲು, ದನ ಬಿಡಿಸಲು ಹೋಗಿ ಸತ್ತವನದು. ಎದೆಯೆತ್ತರದ ಚಪ್ಪಡಿ, ಬುಡ ಮುರಿದಿದೆ. ಕೆಳಗೆ ಬಾಣ ಬಿಡುತ್ತಿರುವ ಒಬ್ಬ, ಅವನ ಹಿಂದೆ ದನಗಳು, ನಡುವೆ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗ. ವ್ಯಾಪಾರಿಯ ಕಾಗದದಲ್ಲಿ "ಖಾಸಗಿ ಸಂಗ್ರಹದಿಂದ" ಎಂದಷ್ಟೇ ಇತ್ತು. ಗಾಜಿನ ಪೆಟ್ಟಿಗೆಯೊಳಗೆ, ಎಸಿಯ ತಂಪಿನಲ್ಲಿ, ಮೇಲಿನಿಂದ ಮೂರು ದೀಪ ಬಿಟ್ಟು ನಿಲ್ಲಿಸಿದ್ದರು.

ಒಂದು ದಿನ ಇವರ ಬಿಳಿ ಕೈಗವಸಿಗೆ ಎಣ್ಣೆ ಅಂಟಿತು. ಕಲ್ಲಿಗೆ ಎಣ್ಣೆ ಎಲ್ಲಿಂದ ಬಂತು? ಯಾರನ್ನೂ ಕೇಳಲಿಲ್ಲ. ಬೆಳಿಗ್ಗೆ ಏಳಕ್ಕೇ ಬಂದು ಮುಖವಾಡಗಳ ಹಿಂದೆ ಸ್ಟೂಲ್ ಹಾಕಿಕೊಂಡು ಕೂತರು. ನಾಲ್ಕನೇ ದಿನ, ಗಾಜು ಒರೆಸುವ ಹೌಸ್‌ಕೀಪಿಂಗ್‌ನ ಮುನಿಯಮ್ಮ ಪೆಟ್ಟಿಗೆಯ ಬಾಗಿಲು ತೆಗೆದು, ಸೊಂಟದಿಂದ ಸಣ್ಣ ಶೀಶೆ ತೆಗೆದು, ಬಿಲ್ಲು ಹಿಡಿದವನ ತಲೆಯಿಂದ ಕಾಲಿನವರೆಗೆ ಹರಳೆಣ್ಣೆ ಸವರಿದರು. ಮುನಿಯಮ್ಮ ಪಕ್ಕದ ಹಳ್ಳಿಯವರು, ಏಜೆನ್ಸಿಯ ಮೂಲಕ ಕೆಲಸಕ್ಕೆ ಸೇರಿದವರು, ಐವತ್ತು ದಾಟಿದವರು. ಮುಂದಿನ ಮಾತುಕತೆಯನ್ನು ಇವರು ಅದೇ ದಿನ ನನಗೆ ಹೇಳಿದರು.

"ಏನಮ್ಮ ಇದು?"

"ನಮ್ ಈರಪ್ಪ ಕಣ್ ಸಾ. ನಮ್ ವಂಸದೋನು. ಕೆರೆ ಏರಿ ಮ್ಯಾಲ್ ನಿಂತಿದ್ದ. ಈ ಬಿಲ್ಡಿಂಗ್ ಎಬ್ಬಿಸ್ವಾಗ ಕಾಣ್ದಂಗಾದ. ಎಲ್ಲೆಲ್ಲಿ ಉಡುಕಿದ್ವಿ! ಕೆಲ್ಸಕ್ ಸೇರಿದ್ ದಿನ ಬಂದ್ ನೋಡ್ತೀನಿ, ಗಾಜಿನ್ ಮನೇಲಿ ಎಸಿ ಆಕಿ ಕೂರ್ಸವ್ರೆ. ಮೈಯೆಲ್ಲಾ ಒಣಗೋಗಿತ್ತು, ಪಾಪ."

"ಇದೇ ಕಲ್ಲು ಅಂತ ಹೇಗೆ ಗೊತ್ತು?"

"ನಿಮ್ಮಪ್ಪನ್ನ ನೀವ್ ಎಂಗ್ ಗುರ್ತಿಡಿತೀರಾ?"

ಇದು ಅವರಿಗೆ ಉತ್ತರ ಎನಿಸಿತು, ಆದರೆ ಪುರಾವೆ ಎನಿಸಲಿಲ್ಲ. ಪುರಾವೆ ಹುಡುಕಲು ಹೊರಟರು. ಅದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಹಳ್ಳಿಯ ಹಳೇ ನಕ್ಷೆ ತಂದು, ಕೆರೆ ಏರಿ ಎಲ್ಲಿತ್ತೆಂದು ಟೇಪು ಹಿಡಿದು ಆವರಣವನ್ನೆಲ್ಲ ಅಳೆದರು. ಏರಿಯ ಗೆರೆ ಹಿಂಬದಿಯ ಟೂ-ವೀಲರ್ ಪಾರ್ಕಿಂಗ್ ಮೂಲಕ ಹೋಗುತ್ತಿತ್ತು. ಅಲ್ಲಿ, ಹನ್ನೊಂದನೇ ಜಾಗದಲ್ಲಿ, ಮೊಣಕಾಲೆತ್ತರದ ಒಂದು ಕಲ್ಲು ನೆಲದಿಂದ ಎದ್ದಿತ್ತು. ಕಟ್ಟಿದವರಿಗೆ ಕೀಳಲಾಗದೆ ಹಳದಿ-ಕಪ್ಪು ಬಣ್ಣ ಬಳಿದು, ಗಾಡಿಯ ಚಕ್ರ ತಡೆಯಲು ಬಿಟ್ಟಿದ್ದರು. ಎಂಟು ವರ್ಷ ನಾನು ನನ್ನ ಸ್ಕೂಟರ್ ನಿಲ್ಲಿಸಿದ್ದು ಹನ್ನೆರಡನೇ ಜಾಗದಲ್ಲಿ.

ಮುರಿದ ಎರಡು ಅಂಚುಗಳು ಕೂಡುತ್ತವೆಯೇ ಎಂದು ನೋಡಬೇಕಿತ್ತು. ಕಲ್ಲನ್ನು ಅಲ್ಲಿಗೆ ಒಯ್ಯಲು ಅನುಮತಿ ಇಲ್ಲ. ಎರಡರ ಅಚ್ಚು ತೆಗೆಯೋಣ ಎಂದು ಇವರು ಕ್ಯಾಂಟೀನಿಗೆ ಹೋಗಿ ಎರಡು ಕಿಲೋ ಚಪಾತಿ ಹಿಟ್ಟು ಕಲಸಿಸಿ, ತಟ್ಟೆಯಲ್ಲಿ ಹೊತ್ತು ತಂದರು. ಮ್ಯೂಸಿಯಂ ಬಾಗಿಲಲ್ಲಿ ಕಲಬುರಗಿಯ ಸೆಕ್ಯೂರಿಟಿಯವನು ತಡೆದ.

"ಸರ್, ಉಣ್ಣೂದು ಒಳಗ ಬಿಡಂಗಿಲ್ರಿ."

"ಇದು ಊಟ ಅಲ್ಲಪ್ಪ. ಅಳತೆ ಸಾಧನ."

"ಸಾಧನ ಅಂದ್ರ ಸೀರಿಯಲ್ ನಂಬರ್ ಬೇಕ್ರಿ."

ಇವರು ನನ್ನ ಪೆನ್ನು ಇಸಿದುಕೊಂಡು ಹಿಟ್ಟಿನ ಮೇಲೆ "01" ಎಂದು ಗೀಚಿದರು. ಅವನು ರಿಜಿಸ್ಟರಿನಲ್ಲಿ ಬರೆದುಕೊಂಡು ಸೆಲ್ಯೂಟ್ ಹೊಡೆದು ಬಿಟ್ಟ.

ಮೊದಲ ಸಲ ಹಿಟ್ಟು ಜೋಲು ಬಿದ್ದು ನಾಲ್ಕು ಮಿಲಿಮೀಟರ್ ವ್ಯತ್ಯಾಸ ಬಂತು. ನೀರು ಕಡಿಮೆ ಹಾಕಿಸಿ ಮತ್ತೆ ಮಾಡಿದರು. ಚಪ್ಪಡಿಯ ಬುಡದ ಅಚ್ಚು ಒಂದು, ಪಾರ್ಕಿಂಗಿನ ಮೋಟುಕಲ್ಲಿನ ಅಚ್ಚು ಇನ್ನೊಂದು. ಎರಡನ್ನೂ ಕ್ಯಾಂಟೀನಿನ ಮೇಜಿನ ಮೇಲೆ ಎದುರುಬದುರಾಗಿ ಇಟ್ಟು ತಳ್ಳಿದರು. ಮೇಲಿನ ದವಡೆ ಕೆಳಗಿನ ದವಡೆಗೆ ಕೂರುವಂತೆ ಕೂತವು. ಇದು ನಾನು ಕಣ್ಣಾರೆ ಕಂಡದ್ದು. ಸುತ್ತ ಊಟ ಮಾಡುತ್ತಿದ್ದವರು ಯಾಕೋ ಚಪ್ಪಾಳೆ ತಟ್ಟಿದರು.

ಚೀಟಿ ಬರೆದರು. "ಮೂಲ: ಇಲ್ಲಿಂದ 143 ಮೀಟರ್, ಟೂ-ವೀಲರ್ ಪಾರ್ಕಿಂಗ್, ಹನ್ನೊಂದನೇ ಜಾಗ. ಪ್ರಭಾವ: ಮುನಿಯಮ್ಮನವರ ಮನೆತನ."

ಅಡ್ಮಿನ್ ಮುಖ್ಯಸ್ಥರು ಅದನ್ನು ಮೂರು ಸಲ ಓದಿದರು. "ಅಂದ್ರೆ ನಮ್ಮ ಕಲ್ಲನ್ನ ನಮಗೇ ಮಾರಿದ್ರಾ?"

"ಇಲ್ಲ ಸಾರ್. ಅವರ ಕಲ್ಲನ್ನ ನಿಮಗೆ ಮಾರಿದ್ರು."

"ಸೌತ್ ಇಂಡಿಯಾ ಅಂತ ಬರೀರಿ. ಮುಗಿದುಹೋಯ್ತು."

"ಸೌತ್ ಇಂಡಿಯಾ ಅಳತೆ ಅಲ್ಲ ಸಾರ್."

ಅಷ್ಟಕ್ಕೇ ನಿಲ್ಲಲಿಲ್ಲ. ಈ ಮುನಿಯಮ್ಮ ಯಾರು ಎಂದು ಮುಖ್ಯಸ್ಥರು ಹಿಂದಿನ ವಾರಗಳ ಸಿಸಿಟಿವಿ ತೆಗೆಸಿದರು. ಎಣ್ಣೆ ಸವರುವುದು ಕಂಡಿತು. ಕಲಾವಸ್ತುವಿಗೆ ಹಾನಿ ಮಾಡಿದ್ದಾರೆ, ಆಕೆಯನ್ನು ತೆಗೆಯಬೇಕು ಎಂದು ಏಜೆನ್ಸಿಗೆ ಮೇಲ್ ಹೋಯಿತು. ಮರುದಿನ ಮಧ್ಯಾಹ್ನ ವಿಚಾರಣೆ. ಮುನಿಯಮ್ಮನಿಗೆ ಕೆಲಸ ಹೋದರೆ ಗೇಟ್ ಪಾಸ್ ಹೋಗುತ್ತದೆ. ಪಾಸ್ ಹೋದರೆ ಆ ಕಲ್ಲಿನ ಹತ್ತಿರ ಇನ್ನೊಮ್ಮೆ ಬರುವಂತಿಲ್ಲ. ಅದು ನಮ್ಮಿಬ್ಬರಿಗೂ ಅರ್ಥವಾಗಿತ್ತು.

ವಿಚಾರಣೆಯ ದಿನ ಬೆಳಿಗ್ಗೆ ಇವರು ನನ್ನ ಮೇಜಿಗೆ ಬಂದು ಒಂದು ಕಾಗದ ಟೈಪ್ ಮಾಡಿಸಿದರು. ಕಾರ್ಖಾನೆಗಳಲ್ಲಿ ತಪಾಸಣೆ ಮುಗಿದ ಬಿಡಿಭಾಗಕ್ಕೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿಡುವ ಪದ್ಧತಿ ಇದೆ. ಕಾಗದ ಅದೇ ಧಾಟಿಯಲ್ಲಿತ್ತು. "ವಸ್ತು 27. ಪ್ರತಿ ಸೋಮವಾರ ತೆಳುವಾಗಿ ಹರಳೆಣ್ಣೆ ಸವರತಕ್ಕದ್ದು. ಸವರುವವರು: ಮುನಿಯಮ್ಮ. ಆದೇಶ: ತಪಾಸಕರು."

"ತಾರೀಖು?" ಎಂದೆ.

"ಇವತ್ತಿಂದು."

"ಇವತ್ತಿಂದು ಹಾಕಿದ್ರೆ ಪ್ರಯೋಜನ ಇಲ್ಲ ಸಾರ್. ವಿಡಿಯೋ ಹೋದ ವಾರದ್ದು. ಹಿಂದಿನ ತಿಂಗಳ ಯಾವುದಾದ್ರೂ ಹಾಕಿ."

ಹೇಳಿದವಳು ನಾನು. ಇದನ್ನು ಸ್ಪಷ್ಟವಾಗಿ ಬರೆಯಬೇಕು.

ಅವರು ಜೇಬಿನಿಂದ ಪಾಕೆಟ್ ಕ್ಯಾಲೆಂಡರ್ ತೆಗೆದು ಬಹಳ ಹೊತ್ತು ಹುಡುಕಿದರು. ಆಮೇಲೆ ನನ್ನ ಪೆನ್ನಿನಿಂದ ಹಿಂದಿನ ತಿಂಗಳ ಒಂದು ಸೋಮವಾರದ ತಾರೀಖು ಬರೆದು ಸಹಿ ಹಾಕಿದರು. ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿಯಿತು.

ವಿಚಾರಣೆಯಲ್ಲಿ ಅಡ್ಮಿನ್ ಮುಖ್ಯಸ್ಥರು ಕಾಗದ ಓದಿ, "ಏನ್ರೀ, ಕಲ್ಲಿಗೆ ತುಕ್ಕು ಹಿಡಿಯುತ್ತಾ?" ಎಂದರು.

"ಇದುವರೆಗೆ ಹಿಡಿದಿಲ್ಲ ಸಾರ್. ಎಣ್ಣೆ ಹಾಕ್ತಾ ಇದೀವಲ್ಲ."

ನನ್ನನ್ನು ಕೇಳಿದರು: "ಇದನ್ನ ಯಾವಾಗ ಟೈಪ್ ಮಾಡಿದ್ರಿ ನೀವು?"

"ತಾರೀಖು ಮೇಲೇ ಇದೆಯಲ್ಲ ಸಾರ್" ಎಂದೆ.

ಲಿಖಿತ ಪದ್ಧತಿ ಇದ್ದ ಮೇಲೆ ತಪ್ಪೇನಿದೆ ಎಂದು ಏಜೆನ್ಸಿಯವರು ಎದ್ದುಬಿಟ್ಟರು. ಮುನಿಯಮ್ಮ ಉಳಿದರು. ಚೀಟಿಯ ಮೇಲೆ "ಮೂಲ: ಸ್ಥಳೀಯ" ಎಂದು ಅಚ್ಚಾಯಿತು. ಇವರು ಅದನ್ನು ಓದಿ, "ಸುಳ್ಳಲ್ಲ, ಸಡಿಲ" ಎಂದರು. ಅದೇ ಸಂಜೆ ರಾಜೀನಾಮೆ ಕೊಟ್ಟರು.

ನಾನು ಗೇಟಿನವರೆಗೆ ಹಿಂದೆ ಹೋದೆ. ಯಾಕೆ ಸಾರ್, ಎಲ್ಲ ಸರಿಹೋಯಿತಲ್ಲ ಎಂದೆ.

"ಸಹಿ ಹಾಕಿದ ದಿನ ಒಂದು, ಬರೆದ ತಾರೀಖು ಇನ್ನೊಂದು. ಅಂಥ ಕೈ ಇನ್ನೊಂದು ಕಾಗದಕ್ಕೆ ಸಹಿ ಹಾಕಬಾರದಮ್ಮ. ನಾನು ಬೇರೆಯವರನ್ನ ಇದಕ್ಕೇ ಮನೆಗೆ ಕಳಿಸಿದೀನಿ." ಸಿಟ್ಟಿರಲಿಲ್ಲ. ಬಸ್ಸು ಬಂತು, ಹತ್ತಿದರು. ಆಮೇಲೆ ಮೂರು ವರ್ಷದಲ್ಲಿ ಎರಡು ಸಲ ಫೋನಿನಲ್ಲಿ ಮಾತಾಡಿದೆವು. ತಾರೀಖಿನ ವಿಷಯ ಇಬ್ಬರೂ ಎತ್ತಲಿಲ್ಲ.

ಎಣ್ಣೆ ಮಾತ್ರ ನಿಲ್ಲಲಿಲ್ಲ. ಲಿಖಿತ ಪದ್ಧತಿಯಾದ್ದರಿಂದ ಅದು ಆಡಿಟ್‌ಗೆ ಸೇರಿತು. ಈಗ ಸೋಮವಾರ ಎಣ್ಣೆ ಬೀಳದಿದ್ದರೆ ಕಂಪ್ಯೂಟರಿನಲ್ಲಿ ದೂರು ತಾನಾಗಿ ದಾಖಲಾಗುತ್ತದೆ, ಅಡ್ಮಿನ್ ಮುಖ್ಯಸ್ಥರಿಗೆ ಕೆಂಪು ಅಕ್ಷರದ ಮೇಲ್ ಹೋಗುತ್ತದೆ. ಮುನಿಯಮ್ಮ ರಜೆ ಹಾಕಿದ ವಾರ ಅವರೇ ಟೈ ಅನ್ನು ಹೆಗಲ ಹಿಂದಕ್ಕೆ ಎಸೆದುಕೊಂಡು ಎಣ್ಣೆ ಸವರಿದ್ದನ್ನು ನಾನು ನೋಡಿದ್ದೇನೆ. ಯಾರೂ ಹೇಳಿರಲಿಲ್ಲ, ಆದರೂ ಬೂಟು ಬಿಚ್ಚಿದ್ದರು.

ತೀರಿಕೊಂಡ ಸುದ್ದಿ ಬಂದದ್ದು ಶನಿವಾರ. ಸೋಮವಾರ ಏಳಕ್ಕೇ ಹೋಗಿ ಮುನಿಯಮ್ಮನಿಗೆ ಹೇಳಿದೆ. ಕೈಯಲ್ಲಿ ಎಣ್ಣೆಯ ಬಟ್ಟಲು ಇತ್ತು, ಅದನ್ನು ಕೆಳಗಿಟ್ಟರು.

"ನಂಗೊಂದ್ ಮಾತ್ ಏಳ್ದೆ ಓಗ್‌ಬಿಟ್ರಲ್ಲ ಅವತ್ತು. ಯಾಕ್ ಮೇಡಂ ಕೆಲ್ಸ ಬಿಟ್ಟಿದ್ದು?"

ಮೂರು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ. ಆ ಕಾಗದದ ತಾರೀಖು ಸುಳ್ಳು, ಹಾಕಿಸಿದ್ದು ನಾನು, ಅದಕ್ಕೇ ಹೋದರು ಎಂದೆ.

"ಯಾವ್ ತಾರೀಕು?"

ಹೇಳಿದೆ. ಮುನಿಯಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು.

"ಅದ್ಯಾಕ್ ಸುಳ್ಳಾಯ್ತದೆ? ಅದು ನನ್ ಮೊಮ್ಮಗಳ್ಗೆ ಎಸ್ರಿಟ್ ಮಾರ್ನೇ ದಿನ. ಅವ್ರಿಗೆ ಒಬ್ಬಟ್ ತಂದ್ ಕೊಟ್ಟಿದ್ದೆ. ತಿನ್ಕೊಂಡೇ ಏಳಿದ್ರು, 'ಸೋಮವಾರ ಹಚ್ಚಮ್ಮ, ಗುರುವಾರ ಬೇಡ, ಅವತ್ತು ನಾನು ಅಳತೆ ತಗೋತೀನಿ' ಅಂತ. ಅವ್ರೇ ಏಳಿದ್ದು, ನಾನ್ ಆಕಿದ್ದು."

ಮೊಮ್ಮಗಳ ನಾಮಕರಣದ ದಿನವನ್ನು ನಾನು ಬೇರೆ ಕಡೆ ತಾಳೆ ನೋಡಿಲ್ಲ. ಅವರಾಗಿದ್ದರೆ ನೋಡುತ್ತಿದ್ದರು. ಆದರೆ ಅವರು ಕ್ಯಾಲೆಂಡರ್ ತೆಗೆದು ಅಷ್ಟು ಹೊತ್ತು ಹುಡುಕಿದ್ದು ಆ ದಿನವನ್ನೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಯಾವುದೋ ಒಂದು ತಾರೀಖು ಹಾಕಿದರು ಎಂದುಕೊಂಡು ಮೂರು ವರ್ಷ ಕಳೆದಿದ್ದೆ.

"ಹಂಗಾದ್ರೆ ತಪ್ಪೇನಿತ್ತು ಅವ್ರದ್ದು?" ಎಂದೆ. ಕೇಳಿದ್ದು ಮುನಿಯಮ್ಮನನ್ನಲ್ಲ. "ಆದೇಶ ಅವತ್ತಿಂದೇ. ಸಹಿ ಒಂದು ಮಾತ್ರ ಆಮೇಲಿಂದು. ಅಷ್ಟಕ್ಕೇ..."

ಮುನಿಯಮ್ಮ ಬಟ್ಟಲು ಎತ್ತಿಕೊಂಡು ಗಾಜಿನ ಬಾಗಿಲು ತೆಗೆದರು. ಬಿಲ್ಲು ಹಿಡಿದವನ ತಲೆಯ ಮೇಲೆ ಬೆರಳಿಟ್ಟರು.

"ಇವ್ನೂ ಅಂಗೇ ಕಣ್ ಮೇಡಂ. ದನ ಎಲ್ಲಾ ಬಿಡ್ಸಿ ಊರ್ ಮುಟ್ಟಿಸ್‌ಬಿಟ್ಟಿದ್ದ. ಒಂದ್ ಕರ ಉಳ್ಕೊಂತು ಅಂತ ವಾಪಸ್ ಓದ."

ಎಣ್ಣೆ ಸವರಿ ಮುಗಿಸಿ, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ, ಕುದುರೆ ಒರೆಸಲು ಹೋದರು.